ಸಾಮ್ರಾಜ್ಯದಾಟದ ಹಿಮ್ಮೇಳ

ಆಟಿ ತಿಂಗಳ ಸಂಜೆ. ಕಂಗಿನ ತೋಟದ ಮೇಲೆ ಮಳೆ ಒಂದೇ ಶ್ರುತಿಯಲ್ಲಿ ಸುರಿಯುತ್ತಿತ್ತು. ಕುಂಬಳೆ ಸೀಮೆಯ ಆ ಹಳೆಯ ಮನೆಯ ಚಾವಡಿಯಲ್ಲಿ ಅಜ್ಜ ಆರಾಮಕುರ್ಚಿಗೆ ಒರಗಿ ಕುಳಿತಿದ್ದರು. ಗೋಡೆಯಾಚೆಯ ಕೋಣೆಯಲ್ಲಿ ಮೊಮ್ಮಗ ಗಣಕಯಂತ್ರದ ಮುಂದೆ ಕುಳಿತು ರೋಮನರ ಸೈನ್ಯವೊಂದನ್ನು ಗುಡ್ಡದ ಇಳಿಜಾರಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದ. ಬಿಲ್ಲಾಳುಗಳು ಹಿಂದೆ, ಕಾಲಾಳುಗಳು ಮುಂದೆ, ಕುದುರೆಗಳು ಎರಡು ಕಡೆ. ಆಗ ಗೋಡೆಯಾಚೆಯಿಂದ ಅಜ್ಜನ ದನಿ ಕೇಳಿತು: "ದಂಡು ಸಜ್ಜಾಗಿ ನಿಂತಿದೆ, ಇನ್ನೂ ಕೈ ಕೂಡಿಲ್ಲ, ಅಲ್ಲವಾ?"

ಹುಡುಗ ಬೆರಗಾದ. ಅಜ್ಜ ಆ ಕೋಣೆಗೆ ಕಾಲಿಟ್ಟವರಲ್ಲ. ಪರದೆಯ ಮೇಲೆ ನಡೆಯುವುದೇನೆಂದು ಕಂಡವರೂ ಅಲ್ಲ. ಸ್ವಲ್ಪ ಹೊತ್ತಿನಲ್ಲಿ ಎರಡು ಸೈನ್ಯಗಳು ಒಂದನ್ನೊಂದು ಸಂಧಿಸಿದವು; ಸಂಗೀತದಲ್ಲಿ ತಮ್ಮಟೆಗಳು ಎದ್ದವು. "ಹ್ಞಾಂ, ಈಗ ಏರುಪದ" ಎಂದು ಅಜ್ಜ ತಮಗೆ ತಾವೇ ಹೇಳಿಕೊಂಡರು.

ಅಜ್ಜ ನಲವತ್ತಕ್ಕೂ ಮಿಕ್ಕಿ ತಿರುಗಾಟಗಳನ್ನು ಕಂಡ ಮದ್ದಳೆಗಾರರು. ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಮೇಳದವರು ಮನೆ ಸೇರಿದ ಮೇಲೆ ಮಳೆಗಾಲವಿಡೀ ತಾಳಮದ್ದಳೆಯ ಕೂಟಗಳಿಗೆ ಹೋಗುತ್ತಿದ್ದವರು. ಮೂರು ವರ್ಷಗಳ ಹಿಂದೆ ಬಲಗೈ ಸ್ವಾಧೀನ ತಪ್ಪಿತು. ಅಂದಿನಿಂದ ಮದ್ದಳೆ ಬಟ್ಟೆ ಸುತ್ತಿಸಿಕೊಂಡು ಅಟ್ಟದ ಕೆಳಗಿನ ಗೂಟದಲ್ಲಿ ತೂಗುತ್ತಿದೆ. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತನಾಡುವುದಿಲ್ಲ. ಆದರೆ ಬಲಗೈ ಬಿಟ್ಟುಕೊಟ್ಟದ್ದನ್ನು ಕಿವಿ ಬಿಟ್ಟುಕೊಟ್ಟಿರಲಿಲ್ಲವೆಂಬುದು ಆ ಸಂಜೆ ಮೊಮ್ಮಗನಿಗೆ ತಿಳಿಯಿತು. ಅದುವರೆಗೆ ಆಟದ ಸಂಗೀತವನ್ನು ಅವನು ಕೇಳಿಯೂ ಕೇಳದವನಂತೆ ಇದ್ದ; ಎಷ್ಟೋ ಸಲ ದನಿಯನ್ನು ಅಡಗಿಸಿಯೇ ಆಡುತ್ತಿದ್ದ. ಕನ್ನಡ ವಿಭಾಗದ ವಿದ್ಯಾರ್ಥಿ ಸೆಮಿನಾರಿಗೆ ವಿಷಯ ಹುಡುಕುತ್ತಿದ್ದ ಅವನಿಗೆ ಅಂದು ವಿಷಯ ಸಿಕ್ಕಿತು.

ಅಂದು ಅವನು ಆಡುತ್ತಿದ್ದುದು 2004ರಲ್ಲಿ ಹೊರಬಂದ 'ರೋಮ್: ಟೋಟಲ್ ವಾರ್'. ಅದರ ಸಂಗೀತವನ್ನು ರಚಿಸಿದವರು ಜೆಫ್ ವ್ಯಾನ್ ಡೈಕ್. ಭೂಪಟದ ಮೇಲೆ ರಾಜ್ಯಭಾರ ನಡೆಸುವಾಗ ಒಂದು ಬಗೆಯ ಸಂಗೀತ, ಸೈನ್ಯ ಸಜ್ಜಾಗುವಾಗ ಮತ್ತೊಂದು, ಕಾಳಗ ಹತ್ತಿದಾಗ ಇನ್ನೊಂದು ಎಂದು ಅಲ್ಲಿ ವಿಂಗಡಣೆಯಿದೆ. ಅಜ್ಜನ ಕಿವಿ ಹಿಡಿದದ್ದು ಈ ವಿಂಗಡಣೆಯನ್ನೇ.

ತಂತ್ರಗಾರಿಕೆಯ ಆಟಗಳಿಗೆ, ಅಂದರೆ ಸ್ಟ್ರಾಟಜಿ ಗೇಮುಗಳಿಗೆ, ಸಂಗೀತ ಮಾಡುವುದು ಸಿನಿಮಾಕ್ಕೆ ಮಾಡಿದಂತಲ್ಲ. ಸಿನಿಮಾದ ಸಂಗೀತಗಾರನ ಮುಂದೆ ಮುಗಿದ ಚಿತ್ರವಿರುತ್ತದೆ. ನಾಯಕ ಬಾಗಿಲು ತೆರೆಯುವುದು ಎಷ್ಟನೆಯ ಕ್ಷಣದಲ್ಲಿ, ಕಣ್ಣೀರು ಉದುರುವುದು ಯಾವಾಗ ಎಂಬುದು ಅವನಿಗೆ ಗೊತ್ತು. ಆಟದ ಸಂಗೀತಗಾರನಿಗೆ ಇದು ಯಾವುದೂ ತಿಳಿಯದು. ಒಬ್ಬ ಆಟಗಾರ ಐದು ನಿಮಿಷದಲ್ಲಿ ಯುದ್ಧ ಹೂಡುತ್ತಾನೆ. ಇನ್ನೊಬ್ಬ ಎರಡು ಗಂಟೆ ಗದ್ದೆ ಮಾಡಿಸುತ್ತಾ, ಗೋಡೆ ಕಟ್ಟಿಸುತ್ತಾ ಕುಳಿತುಬಿಡುತ್ತಾನೆ. ಒಂದೇ ಆಟ ಹತ್ತಾರು ಗಂಟೆ ನಡೆಯಬಹುದು. ಅಷ್ಟು ಹೊತ್ತು ಕೇಳಿಸಬೇಕಾದ ಸಂಗೀತ ಬೇಸರ ತರಿಸಬಾರದು; ಯೋಚನೆಗೆ ಅಡ್ಡ ಬರಬಾರದು; ಹಾಗೆಂದು ಸತ್ತಂತೆ ಬಿದ್ದಿರಲೂಬಾರದು. ಅತಿ ಸೊಗಸಾದ ರಾಗವೂ ಇಲ್ಲಿ ಅಪಾಯವೇ. ಮೊದಲ ಸಲ ಮನಸೆಳೆದದ್ದು ನಲವತ್ತನೆಯ ಸಲ ತಲೆನೋವಾಗುತ್ತದೆ.

ಇದಕ್ಕೆ ಆಟದ ಸಂಗೀತಗಾರರು ಕಂಡುಕೊಂಡ ಉಪಾಯಗಳು ಕೆಲವು. ಮೊದಲನೆಯದು ಆವರ್ತನೆ: ಕೊನೆ ಮೊದಲನ್ನು ಕೂಡಿಕೊಳ್ಳುವಂತೆ ರಚಿಸಿದ ತುಣುಕು ಬೇಕಾದಷ್ಟು ಸಲ ಸುತ್ತುತ್ತದೆ. ಎರಡನೆಯದು ಪದರಗಳು: ಒಂದೇ ಲಯ, ಒಂದೇ ಶ್ರುತಿಯ ಹಲವು ಪದರಗಳು ಒಟ್ಟಿಗೆ ಓಡುತ್ತಿರುತ್ತವೆ; ಸನ್ನಿವೇಶ ಬಿಸಿಯಾದಂತೆ ಒಂದೊಂದೇ ಪದರದ ದನಿ ಮೇಲೇಳುತ್ತದೆ. ಮೂರನೆಯದು ಕವಲುಗಳು: ಸಂಗೀತದ ತುಣುಕುಗಳನ್ನು ಮೊದಲೇ ಸಿದ್ಧಪಡಿಸಿ, ಆಟದ ಸ್ಥಿತಿ ಬದಲಾದಾಗ ತಾಳದ ಆವರ್ತ ಮುಗಿಯುವ ಜಾಗದಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಿಸುವುದು. 1990ರ ದಶಕದ ಆರಂಭದಲ್ಲಿ ಅಮೆರಿಕದ ಲ್ಯೂಕಾಸ್‌ಆರ್ಟ್ಸ್ ಸಂಸ್ಥೆಯಲ್ಲಿ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಇದಕ್ಕಾಗಿಯೇ 'ಐಮ್ಯೂಸ್' ಎಂಬ ವ್ಯವಸ್ಥೆಯನ್ನು ರೂಪಿಸಿದರು. ಅದನ್ನು ಮೊದಲು ಬಳಸಿದ್ದು 1991ರ ಒಂದು ಸಾಹಸಕಥೆಯ ಆಟದಲ್ಲಿ. ಆಟಗಾರನು ಒಂದೆಡೆಯಿಂದ ಇನ್ನೊಂದೆಡೆಗೆ ಹೋದರೆ ಸಂಗೀತ ಕಡಿದುಹೋಗದೆ ಅವನ ಹಿಂದೆಯೇ ಬರುತ್ತಿತ್ತು.

ಹುಡುಗ ಇದನ್ನೆಲ್ಲ ಓದಿ ಅಜ್ಜನಿಗೆ ವಿವರಿಸಿದ. ಅಜ್ಜ ತಲೆಯಾಡಿಸಿದರು. ಅವರಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ರಂಗಸ್ಥಳದಲ್ಲಿ ಭಾಗವತರು ಮಾಡುವುದು ಇದನ್ನೇ ಅಲ್ಲವೇ? ಪದ್ಯ ಪುಸ್ತಕದಲ್ಲಿ ನಾಲ್ಕು ಸಾಲಿದೆ. ಆದರೆ ವೇಷಧಾರಿ ಕುಣಿತಕ್ಕೆ ನಿಂತರೆ ಅದೇ ಸಾಲು ಎಷ್ಟು ಸಲ ಬರಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಭಾಗವತರ ಕಣ್ಣು ವೇಷದ ಮೇಲೆ. ಮದ್ದಳೆಯವನ ಕಣ್ಣು ವೇಷದ ಕಾಲಿನ ಮೇಲೆ. ಧೀಂಗಣ ಹತ್ತಕ್ಕೆ ನಿಲ್ಲುತ್ತದೋ ಇಪ್ಪತ್ತಕ್ಕೆ ಹೋಗುತ್ತದೋ ಎಂಬುದು ವೇಷಧಾರಿಯ ಉಸಿರಿಗೆ ಬಿಟ್ಟದ್ದು. ಅವನು ಮುಗಿಸುವ ಹೆಜ್ಜೆಗೆ ಸರಿಯಾಗಿ ಮುಕ್ತಾಯ ಬೀಳಬೇಕು. ಚೆಂಡೆ ಎಲ್ಲದಕ್ಕೂ ಏಳುವುದಿಲ್ಲ. ವೀರಕ್ಕೆ, ರೌದ್ರಕ್ಕೆ, ಕಾಳಗಕ್ಕೆ ಎದ್ದು, ಕರುಣಕ್ಕೆ ಕೆಳಗಿಳಿಯುತ್ತದೆ. "ನಿನ್ನ ಪೆಟ್ಟಿಗೆಯೊಳಗಿರುವುದೂ ಹಿಮ್ಮೇಳವೇ. ಅದಕ್ಕೆ ಕಣ್ಣಿನ ಬದಲು ಲೆಕ್ಕ ಇದೆ, ಅಷ್ಟೆ" ಎಂದರು.

ಈ ಮಾತನ್ನು ಹಿಡಿದುಕೊಂಡು ಹುಡುಗ ಒಂದೊಂದೇ ಆಟದ ಸಂಗೀತವನ್ನು ಅಜ್ಜನಿಗೆ ಕೇಳಿಸತೊಡಗಿದ. ಮಳೆಗಾಲದ ಸಂಜೆಗಳಿಗೆ ಅದೊಂದು ಕೂಟವಾಯಿತು.

ಮೊದಲು ಕೇಳಿಸಿದ್ದು ಫ್ರ್ಯಾಂಕ್ ಕ್ಲೆಪಾಕಿಯ ರಚನೆ. ಅಮೆರಿಕದ ಲಾಸ್ ವೇಗಾಸಿನ ವೆಸ್ಟ್‌ವುಡ್ ಸ್ಟುಡಿಯೋಸ್ ಸಂಸ್ಥೆಯ 'ಕಮಾಂಡ್ ಆ್ಯಂಡ್ ಕಾಂಕರ್' ಸರಣಿಗೆ ಅವರು ಸಂಗೀತ ಕೊಟ್ಟರು. 1996ರ 'ರೆಡ್ ಅಲರ್ಟ್' ಆಟದ 'ಹೆಲ್ ಮಾರ್ಚ್' ಅವರ ಪ್ರಸಿದ್ಧ ರಚನೆ. ಬೂಟುಗಾಲುಗಳು ನೆಲ ಕುಟ್ಟುವ ಸದ್ದು, ಅದರ ಮೇಲೆ ಕಬ್ಬಿಣ ಉಜ್ಜಿದಂತಹ ಎಲೆಕ್ಟ್ರಿಕ್ ಗಿಟಾರು. ಅಜ್ಜ ಎರಡು ನಿಮಿಷ ಕೇಳಿ ಕೈಯೆತ್ತಿದರು. "ಇದು ಬಣ್ಣದ ವೇಷದ ಪ್ರವೇಶ. ಇಡೀ ರಾತ್ರಿ ಇದನ್ನೇ ನಡೆಸಲಿಕ್ಕಾಗುವುದಿಲ್ಲ." ಕ್ಲೆಪಾಕಿಯ ಆಟಗಳು ವೇಗದ ಆಟಗಳು, ಒಂದೊಂದು ಕಾಳಗ ಒಂದು ಗಂಟೆಯೊಳಗೆ ಮುಗಿಯುವುದುಂಟು. ಅಲ್ಲಿ ಆ ಗಿಟಾರು ಸಲ್ಲುತ್ತದೆ.

ಬಳಿಕ 1997ರ 'ಏಜ್ ಆಫ್ ಎಂಪೈರ್ಸ್' ಮತ್ತು 1999ರ ಅದರ ಎರಡನೆಯ ಭಾಗ. ಸಂಗೀತ ಸ್ಟೀಫನ್ ರಿಪ್ಪಿಯದು. ಮೊದಲ ಭಾಗದಲ್ಲಿ ಅವರ ಸಹೋದರ ಡೇವಿಡ್ ರಿಪ್ಪಿಯೂ ಇದ್ದರು. ಕೊಳಲು, ಚರ್ಮವಾದ್ಯ, ತಂತಿವಾದ್ಯಗಳ ದನಿಗಳು ಒಂದು ಯಾವುದೋ ಪ್ರಾಚೀನ ಲೋಕವನ್ನು ನೆನಪಿಸುತ್ತವೆ. ಆದರೆ ಯಾವ ಊರಿನದೆಂದು ಬೆರಳಿಟ್ಟು ಹೇಳಲಾಗದು. ಆ ಆಟದಲ್ಲಿ ಕಾಡು ಕಡಿಯುವ ಆಳುಗಳು ತಂತಮ್ಮ ಭಾಷೆಯಲ್ಲಿ ಓಗೊಡುತ್ತಾರೆ. ಹಿಮ್ಮೇಳ ಮಾತ್ರ ಎಲ್ಲರಿಗೂ ಒಂದೇ. 2022ರಲ್ಲಿ ಅದಕ್ಕೆ ಸೇರಿದ ಭಾರತದ ಅಧ್ಯಾಯದಲ್ಲಿ 'ದ್ರಾವಿಡರು' ಎಂಬ ಜನಾಂಗ ಬಂದಿದೆ. ಅವರ ಕಥೆ ರಾಜೇಂದ್ರ ಚೋಳನದು. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಒಂದೇ ಪೇಟೆಯಲ್ಲಿ ಕೇಳಿಸುವ ಕಾಸರಗೋಡಿನ ಹುಡುಗನಿಗೆ ಈ ಒಂದೇ ಹೆಸರಿನ ಕೊಡೆ ಸ್ವಲ್ಪ ಇಕ್ಕಟ್ಟಾಗಿ ತೋರಿತು. ಆದರೂ ತನ್ನ ದಿಕ್ಕಿನತ್ತ ಆ ಆಟ ಒಮ್ಮೆ ನೋಡಿತಲ್ಲ ಎಂಬ ಸಂತೋಷವೂ ಇತ್ತು.

ಮೂರನೆಯ ದಿನ ಕೇಳಿಸಿದ್ದು 1999ರ 'ಹೋಮ್‌ವರ್ಲ್ಡ್'. ಅದು ಅಂತರಿಕ್ಷದ ಆಟ. ತಮ್ಮ ಮೂಲನೆಲೆಯನ್ನು ಹುಡುಕಲು ದೊಡ್ಡ ನೌಕೆ ಕಟ್ಟಿದ ಜನ ಅದನ್ನು ಪರೀಕ್ಷಿಸಿ ಮರಳಿ ಬರುವಷ್ಟರಲ್ಲಿ ಅವರು ಬಿಟ್ಟುಹೋದ ಗ್ರಹವೇ ಹೊತ್ತಿ ಉರಿಯುತ್ತಿರುತ್ತದೆ. ಆ ಸನ್ನಿವೇಶಕ್ಕೆ ಬಳಸಿದ್ದು ಹೊಸ ರಚನೆಯಲ್ಲ. ಅಮೆರಿಕದ ಸ್ಯಾಮ್ಯುಯೆಲ್ ಬಾರ್ಬರ್ 1936ರಲ್ಲಿ ತಂತಿವಾದ್ಯಗಳಿಗೆಂದು ಬರೆದು, 1967ರಲ್ಲಿ ತಾನೇ ಕಂಠಗಳಿಗೆ ಹೊಂದಿಸಿದ ನಿಧಾನಗತಿಯ ರಚನೆ. ಅದರಲ್ಲಿ ತಾಳವಾದ್ಯವೇ ಇಲ್ಲ. ದನಿಗಳು ಒಂದರ ಮೇಲೊಂದು ಹೆಜ್ಜೆಯಿಟ್ಟು ಮೇಲೇರುತ್ತವೆ, ತುದಿಯಲ್ಲಿ ಉಸಿರು ಹಿಡಿದು ನಿಲ್ಲುತ್ತವೆ, ಮತ್ತೆ ಇಳಿಯುತ್ತವೆ. ಆಟಗಾರನು ಸಂಗ್ರಹಿಸಬೇಕಾದದ್ದು, ಕಾಪಾಡಬೇಕಾದದ್ದು ಎಷ್ಟೋ ಇರುತ್ತದೆ. ಆದರೆ ಅವನ ಬೆರಳುಗಳು ಆ ಹೊತ್ತು ಸುಮ್ಮನಾಗುತ್ತವೆ. ಅಜ್ಜ ಕಣ್ಣು ಮುಚ್ಚಿ ಕೊನೆಯತನಕ ಕೇಳಿದರು. "ಇಲ್ಲಿ ಮದ್ದಳೆಗೆ ಕೆಲಸ ಇಲ್ಲ" ಎಂದಷ್ಟೇ ಹೇಳಿದರು. ನಲವತ್ತು ವರ್ಷ ಬಾರಿಸಿದವರೊಬ್ಬರ ಬಾಯಿಂದ ಅದು ಸಣ್ಣ ಮೆಚ್ಚುಗೆಯಲ್ಲ.

ಕೊನೆಗೆ ಉಳಿದದ್ದು 'ಸಿವಿಲೈಸೇಶನ್'. 1991ರಲ್ಲಿ ಸಿಡ್ ಮೈಯರ್ ಆರಂಭಿಸಿದ ಈ ಸರಣಿಯಲ್ಲಿ ಆಟಗಾರನು ಒಂದು ನಾಗರಿಕತೆಯನ್ನು ಕೈಗೆತ್ತಿಕೊಂಡು ಕಲ್ಲಿನ ಕಾಲದಿಂದ ಗಗನನೌಕೆಯ ಕಾಲದವರೆಗೆ ನಡೆಸಬೇಕು. ಅದರ ನಾಲ್ಕನೆಯ ಆವೃತ್ತಿ 2005ರಲ್ಲಿ ಬಂದಿತು. ಮುಖ್ಯ ವಿನ್ಯಾಸಕಾರ ಸೋರೆನ್ ಜಾನ್ಸನ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅವರ ಕೋಣೆಯ ಜೊತೆಗಾರನಾಗಿದ್ದವರು ಸಂಗೀತಗಾರ ಕ್ರಿಸ್ಟೋಫರ್ ಟಿನ್. ಆ ಸ್ನೇಹದಿಂದ ಹುಟ್ಟಿದ ಹಾಡು 'ಬಾಬಾ ಯೇತು'. ಮಾತುಗಳು ಕ್ರೈಸ್ತರ ಪ್ರಭುಪ್ರಾರ್ಥನೆಯ ಸ್ವಾಹಿಲಿ ರೂಪ. ಆಟ ತೆರೆದಾಗ ಪರದೆಯ ಮೇಲೆ ಭೂಮಿ ಗುಂಡಗೆ, ನೀಲಿಯಾಗಿ, ಯಾವ ಗಡಿರೇಖೆಯೂ ಇಲ್ಲದೆ ಕಾಣಿಸುತ್ತದೆ. ಹಿಂದಿನಿಂದ ಒಬ್ಬನ ಕಂಠ ಕರೆಯುತ್ತದೆ, ಗುಂಪು ಉತ್ತರ ಕೊಡುತ್ತದೆ. 2011ರಲ್ಲಿ ಈ ಹಾಡಿಗೆ ಗ್ರ್ಯಾಮಿ ಪ್ರಶಸ್ತಿ ಬಂದಿತು. ವಿಡಿಯೋ ಆಟಕ್ಕೆಂದು ರಚಿಸಿದ ಸಂಗೀತಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅಜ್ಜ ಕೇಳಿದರು: "ಯಾವ ಭಾಷೆ?" ಹುಡುಗ ಹೇಳಿದ. "ಅದು ಯಾವ ಚಕ್ರವರ್ತಿಯ ಭಾಷೆ?" ಯಾವ ಚಕ್ರವರ್ತಿಯದೂ ಅಲ್ಲ, ಆಫ್ರಿಕಾದ ಪೂರ್ವಕರಾವಳಿಯಲ್ಲಿ ವ್ಯಾಪಾರಿಗಳೂ ಬೆಸ್ತರೂ ಆಡುತ್ತಾ ಬೆಳೆದದ್ದು, ಇಂದು ಹಲವು ದೇಶಗಳ ಗಡಿ ದಾಟಿ ಹಬ್ಬಿರುವುದು. ಅಜ್ಜ ಏನೂ ಹೇಳಲಿಲ್ಲ. ಹುಡುಗನಿಗೆ ಮಾತ್ರ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು.

ಅದೇ ನಾಲ್ಕನೆಯ ಆವೃತ್ತಿಯ ಒಳಗಿನ ಸಂಗೀತಕ್ಕೆ ಒಂದು ಮಿತಿಯಿದೆ. ಅಲ್ಲಿ ಕಾಲ ಸರಿದಂತೆ ಹಿನ್ನೆಲೆಯ ಸಂಗೀತವೂ ಯುಗ ಬದಲಿಸುತ್ತದೆ. ಮಧ್ಯಯುಗಕ್ಕೆ ಯುರೋಪಿನ ಮಠಗಳ ಗಾಯನ, ಮುಂದೆ ಬಾಖ್, ಬೀಥೋವನ್, ದ್ವೋರ್ಝಾಕ್, ಆಧುನಿಕ ಯುಗಕ್ಕೆ ಅಮೆರಿಕದ ಜಾನ್ ಆ್ಯಡಮ್ಸ್. ಉಪಾಯ ಚೆನ್ನಾಗಿದೆ, ಕಿವಿಯಿಂದಲೇ ಶತಮಾನ ತಿಳಿಯುತ್ತದೆ. ಆದರೆ ಆಟಗಾರನು ಅಶೋಕನಾಗಿ ಆಡಲಿ, ಮಾಲಿಯ ದೊರೆಯಾಗಿ ಆಡಲಿ, ಯಂತ್ರಗಳ ಕಾಲ ಬಂದಾಗ ಅವನ ಊರಿನಲ್ಲೂ ಯುರೋಪಿನ ಪಿಟೀಲುಗಳೇ ಕೇಳಿಸುತ್ತವೆ. ಇಡೀ ಲೋಕದ ಚರಿತ್ರೆಗೆ ಒಂದೇ ಖಂಡದ ಗಡಿಯಾರ.

ಹನ್ನೊಂದು ವರ್ಷಗಳ ನಂತರ, 2016ರ ಆರನೆಯ ಆವೃತ್ತಿಯಲ್ಲಿ ಈ ಕ್ರಮ ಬದಲಾಯಿತು. ಜೆಫ್ ನಾರ್ ಮತ್ತು ಅವರ ಸಂಗಡಿಗರು ಪ್ರತಿಯೊಂದು ನಾಗರಿಕತೆಗೂ ಅದರದೇ ಒಂದು ಹಾಡನ್ನು ಬೀಜವಾಗಿ ಆರಿಸಿ, ಅದನ್ನು ನಾಲ್ಕು ಯುಗಗಳಲ್ಲಿ ಬೆಳೆಸಿದರು. ಪ್ರಾಚೀನ ಯುಗದಲ್ಲಿ ಒಂದೆರಡು ವಾದ್ಯಗಳಲ್ಲಿ ಬರಿಯ ರಾಗ. ಮಧ್ಯಯುಗದಲ್ಲಿ ಅದೇ ರಾಗಕ್ಕೆ ಜೊತೆಗಾರರು. ಯಂತ್ರಯುಗದಲ್ಲಿ ತುಂಬು ವಾದ್ಯವೃಂದ. ಅಣುಯುಗದಲ್ಲಿ ಇನ್ನೂ ಭಾರವಾದ ರೂಪ. ಆಟಗಾರನು ದಾರಿಯಲ್ಲಿ ಬೇರೆ ಜನಾಂಗಗಳನ್ನು ಸಂಧಿಸಿದಂತೆ ಅವರ ಹಾಡುಗಳೂ ಅವನ ಆಟದೊಳಕ್ಕೆ ಬಂದು ಸೇರುತ್ತವೆ. ನೆರೆಯವನ ಪರಿಚಯವಾದ ಮೇಲೆ ನೆರೆಯವನ ಹಾಡು ಕಿವಿಗೆ ಬೀಳದೆ ಇರುವುದಿಲ್ಲ.

ಹುಡುಗನನ್ನು ತಡೆದು ನಿಲ್ಲಿಸಿದ್ದು ಆ ಬೀಜಗಳ ಆಯ್ಕೆ. ಗ್ರೀಕರಿಗೆ ಆರಿಸಿದ್ದು ಯಾವ ವಿಜಯಗೀತೆಯನ್ನೂ ಅಲ್ಲ. ಸೈಕಿಲೋಸ್ ಎಂಬುವನು ಸಮಾಧಿಕಲ್ಲಿನ ಮೇಲೆ ಸ್ವರಲಿಪಿಯ ಸಮೇತ ಕೆತ್ತಿಸಿದ ಪುಟ್ಟ ಹಾಡನ್ನು. ಆಯುಷ್ಯ ಚಿಕ್ಕದೆಂದು ನೆನಪಿಸುವ ಆ ಹಾಡು ಸುಮಾರು ಕ್ರಿಸ್ತಶಕ ಒಂದು ಅಥವಾ ಎರಡನೆಯ ಶತಮಾನದ್ದು. ಪೂರ್ಣವಾಗಿ ಉಳಿದುಬಂದ ಸಂಗೀತರಚನೆಗಳಲ್ಲಿ ಲೋಕದಲ್ಲೇ ಅತ್ಯಂತ ಹಳೆಯದು. 1883ರಲ್ಲಿ ಇಂದಿನ ತುರ್ಕಿಯ ಐದಿನ್ ಬಳಿ ಆ ಕಲ್ಲು ಬೆಳಕಿಗೆ ಬಂದಾಗ ರೈಲುಮಾರ್ಗದ ಅಧಿಕಾರಿಯೊಬ್ಬನ ಮನೆ ಸೇರಿತು. ಮನೆಯೊಡತಿಯ ಹೂಕುಂಡ ನೆಟ್ಟಗೆ ನಿಲ್ಲಲೆಂದು ಅದರ ಬುಡವನ್ನು ಗರಗಸದಿಂದ ಕೊಯ್ದರು. ಇಂದು ಅದು ಕೋಪನ್‌ಹೇಗನ್ನಿನ ವಸ್ತುಸಂಗ್ರಹಾಲಯದಲ್ಲಿದೆ.

ಜಪಾನಿಗೆ ಆರಿಸಿದ್ದು ಸಮುರಾಯಿಗಳ ಹಾಡಲ್ಲ. ಕ್ಯೂಶೂ ದ್ವೀಪದ ಕುಮಮೊಟೊ ಪ್ರಾಂತದ ಇತ್ಸುಕಿ ಎಂಬ ಮಲೆನಾಡ ಹಳ್ಳಿಯ ಜೋಗುಳ. ಬಡತನದಿಂದಾಗಿ ಪರರ ಮನೆಗೆ ಕೂಸು ಆಡಿಸಲು ಹೋದ ಸಣ್ಣ ಹುಡುಗಿ ಹಾಡಿಕೊಂಡದ್ದು. ಹೆಸರಿಗೆ ಅದು ಕೂಸಿನ ಜೋಗುಳ. ಒಳಗೆ ಅವಳದೇ ದುಃಖ. ಅಮೆರಿಕಕ್ಕೆ ಆರಿಸಿದ್ದು ಸ್ಟೀಫನ್ ಫಾಸ್ಟರ್ 1854ರಲ್ಲಿ ಬರೆದ, ಬಡವರ ಕಷ್ಟಕಾಲ ಮರಳಿ ಬಾರದಿರಲೆಂದು ಹಾರೈಸುವ ಹಾಡು. ಹತ್ತು ವರ್ಷಗಳ ನಂತರ ಫಾಸ್ಟರ್ ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಅವನ ಹಣದ ಚೀಲದಲ್ಲಿ ಇದ್ದದ್ದು 38 ಸೆಂಟ್. ಚೀನಕ್ಕೆ ಆರಿಸಿದ್ದು ಮಲ್ಲಿಗೆ ಹೂವಿನ ಜನಪದ ಹಾಡು.

ಸಾಮ್ರಾಜ್ಯ ಕಟ್ಟುವ ಆಟಕ್ಕೆ ಒಂದು ಸಮಾಧಿಕಲ್ಲು, ಒಬ್ಬ ಆಳುಹುಡುಗಿಯ ಜೋಗುಳ, ಒಬ್ಬ ಬಡವನ ಹಾರೈಕೆ! ದೊರೆಗಳಿಗೆ ಹೊಗಳುಭಟರ ಹಾಡುಗಳಿಗೆ ಬರವಿರಲಿಲ್ಲ. ಆದರೆ ಸಂಗೀತಗಾರರು ಅವನ್ನು ಕೈಬಿಟ್ಟು ಇವನ್ನು ಆರಿಸಿದರು. ಏಕೆಂಬುದು ಹುಡುಗನಿಗೆ ಕೂಡಲೇ ಹೊಳೆಯಲಿಲ್ಲ. ಹೊಳೆದದ್ದು ಅಜ್ಜನ ಇನ್ನೊಂದು ಮಾತಿನಿಂದ.

ಅವನು ಒಂದು ಸಂಜೆ ಹೊಸ ಪ್ರಯೋಗಕ್ಕೆ ಕೈಹಾಕಿದ್ದ. ಗಣಕಯಂತ್ರವನ್ನೇ ಚಾವಡಿಗೆ ತಂದಿಟ್ಟು, ಸಂಗೀತವನ್ನು ಅಡಗಿಸಿ, "ಅಜ್ಜಾ, ನಾನು ಆಡುತ್ತೇನೆ, ನೀವು ಇದಕ್ಕೆ ಮದ್ದಳೆ ಹೇಳಿ" ಎಂದ. ಬಲಗೈ ಏಳದಿದ್ದರೂ ಬಾಯಿತಾಳಕ್ಕೆ ಕುಂದಿರಲಿಲ್ಲ. ಎಡಗೈ ಕುರ್ಚಿಯ ತೋಳಿನ ಮೇಲೆ ಎಡಬದಿಯ ಪೆಟ್ಟನ್ನು ಹಾಕಬಲ್ಲದು. ಹುಡುಗನ ಕಿಸೆಯಲ್ಲಿ ದನಿ ಮುದ್ರಿಸಲು ಮೊಬೈಲು ಸಿದ್ಧವಾಗಿತ್ತು. ಆ ಬಾಯಿತಾಳಗಳು ಎಲ್ಲೂ ಬರೆದಿಟ್ಟವಲ್ಲ, ಮುದ್ರಿಸಿಟ್ಟವೂ ಅಲ್ಲ. ಅಜ್ಜನ ಗುರುಗಳು ಬಾಯಿಂದ ಕೊಟ್ಟದ್ದು ಅಜ್ಜನ ಕೈಯಲ್ಲಿ ಉಳಿದಿತ್ತು. ಈಗ ಕೈಯೂ ಇಲ್ಲ. ಸೆಮಿನಾರಿನ ನೆಪದಲ್ಲಿ ಅಷ್ಟನ್ನಾದರೂ ಹಿಡಿದಿಡಬೇಕೆಂಬುದು ಅವನ ಒಳ ಆಸೆ.

ಅಜ್ಜ ಪರದೆಯನ್ನು ದಿಟ್ಟಿಸಿ ನೋಡಿದರು. ಮೋಡದ ಎತ್ತರದಿಂದ ಕಂಡಂತೆ ಹಸಿರು ಭೂಪಟ. ಅದರ ಮೇಲೆ ಬಣ್ಣದ ಗಡಿಗಳು. ಇರುವೆಗಳಂತೆ ಸರಿಯುವ ದಂಡುಗಳು. ಒಂದು ಸಲ ಬಾಯಿ ತೆರೆದರು, ಮತ್ತೆ ಮುಚ್ಚಿದರು. ಸ್ವಲ್ಪ ಹೊತ್ತಿನ ಬಳಿಕ ಹೇಳಿದರು: "ಆಗುವುದಿಲ್ಲ. ಇದರಲ್ಲಿ ಹೆಜ್ಜೆ ಕಾಣುವುದಿಲ್ಲ."

"ತಾಳಮದ್ದಳೆಯಲ್ಲೂ ಹೆಜ್ಜೆ ಇಲ್ಲವಲ್ಲ" ಎಂದ ಹುಡುಗ.

"ಅಲ್ಲಿ ಪದ ಇದೆ. ಎದುರಿಗೆ ಅರ್ಥ ಹೇಳುವವನ ಮುಖ ಇದೆ. ಇಲ್ಲಿ ಮುಖವೂ ಇಲ್ಲ, ಕಾಲೂ ಇಲ್ಲ. ಇಷ್ಟು ಮೇಲಿನಿಂದ ನೋಡಿದರೆ ಯಾವನು ಸತ್ತರೂ ಒಂದೇ. ನಾನು ಯಾರಿಗೆ ಬಾರಿಸುವುದು?"

ಆಗ ಹುಡುಗನಿಗೆ ಆ ಆಯ್ಕೆಗಳ ಅರ್ಥ ಸ್ಪಷ್ಟವಾಯಿತು. ತಂತ್ರಗಾರಿಕೆಯ ಆಟವೆಂದರೆ ಮೇಲಿನಿಂದ ನೋಡುವ ಆಟ. ಅಲ್ಲಿ ಊರು ಒಂದು ಚುಕ್ಕೆ, ಸೈನ್ಯ ಒಂದು ಸಂಖ್ಯೆ, ಬರಗಾಲ ಒಂದು ಕೆಂಪು ಗುರುತು. ಕಣ್ಣು ಅಷ್ಟು ಎತ್ತರದಲ್ಲಿರುವಾಗ ಕೆಳಗೆ ಮನುಷ್ಯರಿದ್ದಾರೆಂದು ಹೇಳುವ ಶಕ್ತಿ ಆಟದಲ್ಲಿ ಬೇರೆ ಯಾವುದಕ್ಕೂ ಇಲ್ಲ. ಅದು ಸಂಗೀತದ ಪಾಲಿಗೆ ಬರುತ್ತದೆ. ಅದಕ್ಕಾಗಿಯೇ ಆಳುಹುಡುಗಿಯ ಜೋಗುಳ ಬೇಕಾಯಿತು, ಸಮಾಧಿಯ ಹಾಡು ಬೇಕಾಯಿತು. ಕಣ್ಣು ಮೇಲೆ, ಕಿವಿ ನೆಲದಲ್ಲಿ: ಒಳ್ಳೆಯ ಆಟಗಳ ಹಿಮ್ಮೇಳ ಆಟಗಾರನನ್ನು ಹೀಗೆ ಎರಡು ಕಡೆ ನಿಲ್ಲಿಸುತ್ತದೆ. ಬರಿಯ ಗಿಟಾರಿನ ಅಬ್ಬರ ಅವನನ್ನು ಮೇಲೆಯೇ ಬಿಟ್ಟುಬಿಡುತ್ತದೆ.

ಭೂಪಟವನ್ನು ಮೇಲಿನಿಂದ ನೋಡಿ ಗೆರೆ ಎಳೆಯುವುದೆಂದರೆ ಏನೆಂಬುದನ್ನು ಆ ಚಾವಡಿಗೆ ಯಾರೂ ಕಲಿಸಬೇಕಾಗಿರಲಿಲ್ಲ. 1956ರ ನವೆಂಬರ್ 1ರಂದು ಅಂತಹ ಒಂದು ಗೆರೆ ಈ ಸೀಮೆಯ ಉತ್ತರಕ್ಕೆ ಬಿದ್ದಿತು. ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಸೇರಿತು. ಆ ಗೆರೆಯ ನೋವು, ಹೋರಾಟ, ಬರಹ ಎಲ್ಲವೂ ಕನ್ನಡ ವಿಭಾಗಗಳ ಪಾಠದಲ್ಲಿ ಬರುತ್ತವೆ. ಅಜ್ಜ ಅದನ್ನು ಬೇರೆಯಾಗಿ ಹೇಳುತ್ತಿದ್ದರು. ಗೆರೆ ಬಿದ್ದ ಮರುವರ್ಷವೂ ಮೇಳಗಳು ಆ ಕಡೆಯಿಂದ ಈ ಕಡೆಗೆ ಬಂದವು, ಈ ಕಡೆಯಿಂದ ಆ ಕಡೆಗೆ ಹೋದವು. ಯಕ್ಷಗಾನದ ಆದ್ಯಪುರುಷನೆನಿಸಿದ ಪಾರ್ತಿಸುಬ್ಬನ ಕುಂಬಳೆ ಕೇರಳದಲ್ಲಿತ್ತು. ಅವನ ಪ್ರಸಂಗಗಳು ಎಲ್ಲೆಲ್ಲೂ ಇದ್ದವು. ತೆಂಕುತಿಟ್ಟಿನ ಚೆಂಡೆ ಕೇರಳದ ಚೆಂಡೆಯ ಒಡಹುಟ್ಟು. ಅದಕ್ಕೆ ಯಾವ ತಾಲೂಕು ಕಚೇರಿಯ ಮುದ್ರೆಯೂ ಬೇಕಾಗಿರಲಿಲ್ಲ. ತೆಯ್ಯದ ವಾದ್ಯ ಕೇಳಿಸದ ಚಳಿಗಾಲ ಈ ಮನೆಗೆ ಗೊತ್ತಿಲ್ಲ. ಆಟದ ಚೆಂಡೆ ಕೇಳಿಸದ ಊರು ಅವರಿಗೆ ಗೊತ್ತಿಲ್ಲ. ಆರನೆಯ ಆವೃತ್ತಿಯ ಸಂಗೀತಗಾರರು ಲೆಕ್ಕ ಹಾಕಿ ಕಟ್ಟಿದ್ದನ್ನು, ನೆರೆಯವನ ಹಾಡು ತನ್ನ ಆಟದೊಳಗೆ ಬಂದು ಸೇರುವುದನ್ನು, ಈ ಸೀಮೆ ಹೇಳದೆಯೇ ನಡೆಸಿಕೊಂಡು ಬಂದಿತ್ತು.

ಹುಡುಗ ಗಣಕಯಂತ್ರವನ್ನು ಆರಿಸಿದ. ಪರದೆ ಕಪ್ಪಾಯಿತು. ಅಜ್ಜನ ಮುಖದಲ್ಲಿ ನಿರಾಸೆಯೋ ದಣಿವೋ ತಿಳಿಯಲಿಲ್ಲ. ಆ ಸಂಜೆಯೂ ಹಾಗೆಯೇ ಹೋಗಿಬಿಟ್ಟರೆ ಮುಂದೆ ಕೇಳುವ ಧೈರ್ಯ ತನಗೆ ಬರಲಾರದೆಂದು ಅವನಿಗೆ ಅನ್ನಿಸಿತು. ಅವನು ಮೊಬೈಲನ್ನು ಕಿಸೆಯಿಂದ ತೆಗೆದು ಚಾವಡಿಯ ದಂಡೆಯ ಮೇಲಿಟ್ಟ. ಪಂಚೆ ಎತ್ತಿ ಕಟ್ಟಿ ಅಜ್ಜನ ಎದುರಿಗೆ ನಿಂತ.

ಅವನು ಕುಣಿತ ಕಲಿತವನಲ್ಲ. ಆಟ ನೋಡಿ ಕಂಡದ್ದಷ್ಟೇ. ಎಡಗಾಲು, ಬಲಗಾಲು, ಮತ್ತೆ ಎಡಗಾಲು ಎಂದು ಸೆಗಣಿ ಸಾರಿಸಿದ ನೆಲದ ಮೇಲೆ ಹೆಜ್ಜೆ ಹಾಕತೊಡಗಿದ. ನಾಚಿಕೆಯಿಂದ ತಲೆ ಎತ್ತಲಿಲ್ಲ. ಆರೇಳು ಹೆಜ್ಜೆಯವರೆಗೆ ಮಳೆಯ ಸದ್ದು ಮಾತ್ರ ಇತ್ತು. ಆಮೇಲೆ ಕುರ್ಚಿಯ ತೋಳಿನ ಮೇಲೆ ಎಡಗೈ ಒಮ್ಮೆ ಬಿದ್ದಿತು, ಇನ್ನೊಮ್ಮೆ ಬಿದ್ದಿತು. ಬಾಯಿ ತೆರೆಯಿತು. ಮೊದಲು ಮೆಲ್ಲಗೆ, ನಾಲಗೆ ದಾರಿ ಹುಡುಕುವಂತೆ; ಅನಂತರ ಸರಾಗವಾಗಿ, ಒಂದರ ಹಿಂದೊಂದು ಬಾಯಿತಾಳಗಳು ಬಂದವು. ಹುಡುಗನ ಕಾಲು ತಡವರಿಸಿದಲ್ಲಿ ಅವು ಕಾದವು. ಅವನು ಓಡಿದಲ್ಲಿ ಜೊತೆಗೆ ಓಡಿದವು. "ಕಾಲು ತಡವಾಯಿತು" ಎಂಬ ಬೈಗುಳವೂ ನಡುವೆ ಬಂದಿತು. ಎಲ್ಲ ಸೇರಿ ಏಳು ನಿಮಿಷ. ಹುಡುಗ ಏದುಸಿರು ಬಿಡುತ್ತಾ ನಿಂತಾಗ ಅವನ ಕೊನೆಯ ಹೆಜ್ಜೆಗೆ ಸರಿಯಾಗಿ ಮುಕ್ತಾಯ ಬಿದ್ದಿತ್ತು.

ಕಾಲೇಜಿನ ಸೆಮಿನಾರಿನಲ್ಲಿ ಅವನು ಕ್ಲೆಪಾಕಿಯ ಬಗ್ಗೆಯೂ ರಿಪ್ಪಿಯ ಬಗ್ಗೆಯೂ ಟಿನ್ ಹಾಗೂ ನಾರ್ ಅವರ ಬಗ್ಗೆಯೂ ಹೇಳಿದ, ತುಣುಕುಗಳನ್ನು ಕೇಳಿಸಿದ. ಕೊನೆಯಲ್ಲಿ ಸಹಪಾಠಿಯೊಬ್ಬಳು ಎದ್ದು ಕೇಳಿದಳು: "ಇದಕ್ಕೂ ಕನ್ನಡಕ್ಕೂ ಏನು ಸಂಬಂಧ?" ಕೆಲವರು ನಕ್ಕರು. ಪ್ರಶ್ನೆ ನ್ಯಾಯವಾದದ್ದೇ. ಅವನು ಉತ್ತರವಾಗಿ ಏನನ್ನೂ ಹೇಳದೆ ಆ ಏಳು ನಿಮಿಷಗಳನ್ನು ಕೇಳಿಸಿದ. ಮಳೆ, ಕುರ್ಚಿಯ ಮೇಲಿನ ಪೆಟ್ಟು, ಮುದುಕನೊಬ್ಬನ ಬಾಯಿತಾಳ, ಬರಿಗಾಲಿನ ಸದ್ದು. ಕೇಳಿ ಮುಗಿದ ಮೇಲೆ ಅವಳು ಕುಳಿತುಕೊಂಡಳು. ಆ ಮುದ್ರಿಕೆಯ ಒಂದು ಪ್ರತಿ ಈಗ ವಿಭಾಗದ ಗಣಕಯಂತ್ರದಲ್ಲಿದೆ.

ಸಂಜೆ ಮನೆಗೆ ಬಂದಾಗ ಅಜ್ಜ ಕೇಳಿದರು: "ಕೇಳಿದರಾ?"

"ಕೇಳಿದರು."

"ಮೂರನೆಯ ಸುತ್ತಿನಲ್ಲಿ ನಾನು ತಪ್ಪಿದ್ದು ಯಾರಿಗಾದರೂ ಗೊತ್ತಾಯಿತಾ?"

"ಇಲ್ಲ."

"ಹಾಗಾದರೆ ಅದು ಹಾಗೆಯೇ ಉಳಿದುಬಿಡುತ್ತದೆ. ಸರಿಯಲ್ಲ. ಕಾಲು ತೊಳೆದು ಬಾ, ಇನ್ನೊಮ್ಮೆ ಹೆಜ್ಜೆ ಹಾಕು."